ಸೋಲಾರ್ ಪಾರ್ಕ್ ಪಕ್ಕದಲ್ಲೇ ಕೆಲಸ ಇದೆ

ಮಾನ್ಯರೇ,

ಪಾವಗಡದ ತಿರುಮಣಿ ಸೋಲಾರ್ ಪಾರ್ಕ್ ಎಂದರೆ 2,050 ಮೆಗಾವಾಟ್, ಸುಮಾರು 13 ಸಾವಿರ ಎಕರೆ ಎಂಬ ಲೆಕ್ಕವೇ ಮುಂದೆ ಬರುತ್ತದೆ. ಜಮೀನು ಕೊಟ್ಟ ರೈತರಿಗೆ ವರ್ಷ ವರ್ಷ ಗುತ್ತಿಗೆ ಹಣ ಬರುತ್ತದೆ, ಸರಿ. ಜಮೀನೇ ಇಲ್ಲದ ಕೂಲಿಯವರು, ಕುರಿ ಮೇಯಿಸುವವರು ಏನು ಮಾಡಬೇಕು?

ಪ್ಯಾನೆಲ್ ಮೇಲೆ ದೂಳು ಕೂತರೆ ಕರೆಂಟ್ ಕಡಿಮೆಯಾಗುತ್ತದೆ. ಒರೆಸುತ್ತಲೇ ಇರಬೇಕು, ನಡುವೆ ಬೆಳೆಯುವ ಹುಲ್ಲನ್ನೂ ತೆಗೆಯಬೇಕು. ಈ ಕೆಲಸವನ್ನು ದೊಡ್ಡ ಗುತ್ತಿಗೆದಾರರ ಬದಲು ಊರಿನ ಸ್ವಸಹಾಯ ಸಂಘಗಳಿಗೇ ವಹಿಸಬಹುದಲ್ವಾ? ಹುಲ್ಲಿಗೆ ಕುರಿ ಬಿಟ್ಟರೆ ಇಬ್ಬರಿಗೂ ಲಾಭ. (ಮೇಕೆ ಬೇಡ, ಪ್ಯಾನೆಲ್ ಮೇಲೇ ಹತ್ತಿಬಿಡುತ್ತವೆ!) ನೀರಿಲ್ಲದ ಸೀಮೆಯಲ್ಲಿ ನೀರು ಸುರಿದು ತೊಳೆಯುವುದಕ್ಕಿಂತ ಒಣ ಬ್ರಷ್ ಯಂತ್ರ ವಾಸಿ. ಅದರ ರಿಪೇರಿಗೂ ಜನ ಬೇಕು.

ಇದಕ್ಕಿಂತ ದೊಡ್ಡ ಅವಕಾಶ ಕುಡಿಯುವ ನೀರಿನದು. ಇಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಾಗಾಗಿ ಹಳ್ಳಿಯ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಅದು ಬರೀ ತೊಂದರೆಯಲ್ಲ, ಮೂಳೆ ಹಲ್ಲಿನ ಪ್ರಶ್ನೆ. ಐಟಿಐ ಮುಗಿಸಿ ಬೆಂಗಳೂರಿನ ಬಸ್ ಹತ್ತುವ ಹುಡುಗರಿಗೆ ಘಟಕದ ಮೆಂಬ್ರೇನ್ (ನೀರು ಸೋಸುವ ಪೊರೆ) ಬದಲಿಸುವುದು, ಪಂಪ್ ರಿಪೇರಿ, ನೀರಿನ ಪರೀಕ್ಷೆ ಕಲಿಸಲಿ. ಒಬ್ಬೊಬ್ಬರಿಗೆ ನಾಲ್ಕೈದು ಹಳ್ಳಿಗಳ ಘಟಕ ಸಿಕ್ಕರೂ ಸಂಸಾರ ನಡೆಯುವಷ್ಟು ದುಡಿಮೆ ಆದೀತು.

ಸುಮ್ನೆ ತರಬೇತಿ ಪ್ರಮಾಣಪತ್ರ ಹಂಚಿದರೆ ಸಾಲದು. ಗ್ರಾಮ ಪಂಚಾಯಿತಿಗಳು ಇವರ ಜೊತೆ ವರ್ಷದ ನಿರ್ವಹಣಾ ಒಪ್ಪಂದ ಮಾಡಿಕೊಂಡು, ಬಿಲ್ ತಿಂಗಳಿಗೆ ಸರಿಯಾಗಿ ಪಾವತಿ ಮಾಡಬೇಕು.

– ಒಬ್ಬ ಓದುಗ, ತುಮಕೂರು ಜಿಲ್ಲೆ