ಆ್ಯನಿ ಬೇಕಂತಲೇ ಸೋತಳು

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ನ್ಯೂಯಾರ್ಕಿನ ನಾಟಕ ಮಂದಿರಗಳ ಬೀದಿ ಬ್ರಾಡ್‌ವೇ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಒಂದು ಮಾತು ಮಾತ್ರ ಒಪ್ಪಲಾಗಲಿಲ್ಲ. ಅಮೆರಿಕದ ಸಂಗೀತ ನಾಟಕಗಳಲ್ಲಿ ಮೊದಲೆಲ್ಲ ಹೆಣ್ಣು ಇದ್ದದ್ದು ಬರೀ ಹಾಡೋಕೆ, ಕುಣಿಯೋಕೆ, 2003ರಲ್ಲಿ 'ವಿಕೆಡ್' ಎಂಬ ಸಂಗೀತ ನಾಟಕ ಬಂದ ಮೇಲೆ ಸ್ತ್ರೀವಾದ ಕಾಲಿಟ್ಟಿತು ಎಂದು ಲೇಖಕರು ಬರೆದಿದ್ದಾರೆ. ಆದರೆ ಕೇ ಸ್ವಿಫ್ಟ್ ಎಂಬ ಮಹಿಳೆ 1930ರಲ್ಲೇ 'ಫೈನ್ ಅಂಡ್ ಡ್ಯಾಂಡಿ' ನಾಟಕಕ್ಕೆ ಪೂರ್ತಿ ಸಂಗೀತ ಕೊಟ್ಟಿದ್ದರು. 1943ರ 'ಒಕ್ಲಹೋಮ!'ದಲ್ಲಿ ನಾಯಕಿಯ ಒಳಗಿನ ಭಯವನ್ನು ಮಾತೇ ಇಲ್ಲದೆ ತೋರಿಸುವ ಕನಸಿನ ನೃತ್ಯ ಇದೆಯಲ್ಲ, ಅದನ್ನು ಕಟ್ಟಿದ್ದು ನೃತ್ಯ ನಿರ್ದೇಶಕಿ ಆಗ್ನೆಸ್ ಡಿ ಮಿಲ್. ಹೆಂಗಸರು ಅಲ್ಲಿ ಇದ್ದೇ ಇದ್ದರು. ತೊಡಕು ಇದ್ದದ್ದು ಬೇರೆ ಕಡೆ.

1946ರ 'ಆ್ಯನಿ ಗೆಟ್ ಯುವರ್ ಗನ್' ನೋಡಿ. ಹಾಡುಗಳು ಅರ್ವಿಂಗ್ ಬರ್ಲಿನ್ ಅವರದು. ನಟಿ ಎಥೆಲ್ ಮರ್ಮನ್ ಕೈಗೆ ಬಂದೂಕು ಕೊಟ್ಟು ಹೆಸರಾಂತ ಗುರಿಕಾರ್ತಿ ಆ್ಯನಿ ಓಕ್ಲಿಯ ಪಾತ್ರ ಮಾಡಿಸೋಣ ಎಂಬ ಐಡಿಯಾ ಮಾತ್ರ ಡಾರತಿ ಫೀಲ್ಡ್ಸ್ ಅವರದು. ಅಣ್ಣ ಹರ್ಬರ್ಟ್ ಜೊತೆ ಸೇರಿ ನಾಟಕ ಬರೆದವರೂ ಅವರೇ. 1,147 ಪ್ರದರ್ಶನ ಕಂಡಿತು. ಕೊನೆಯಲ್ಲಿ ಆ್ಯನಿಗೂ ಅವಳು ಮೆಚ್ಚಿದ ಫ್ರಾಂಕ್ ಬಟ್ಲರ್‌ಗೂ ಗುರಿ ಹೊಡೆಯುವ ಪಂದ್ಯ. ಗೆದ್ದರೆ ಗಂಡು ಕೈತಪ್ಪುತ್ತಾನೆ ಅಂತ ಅವಳಿಗೆ ಅರ್ಥವಾಗುತ್ತದೆ. ಬೇಕಂತಲೇ ಗುರಿ ತಪ್ಪಿಸುತ್ತಾಳೆ. ಫ್ರಾಂಕ್ ಖುಷ್, ಮದುವೆ, ಪರದೆ!

ನಿಜವಾದ ಆ್ಯನಿ ಓಕ್ಲಿ ಓಹಾಯೋದ ಬಡ ಹಳ್ಳಿ ಹುಡುಗಿ. ಊರೂರು ಸುತ್ತಿ ಗುರಿ ಹೊಡೆಯುವುದೇ ಕಸುಬಾಗಿದ್ದ ಫ್ರಾಂಕ್ ಜೊತೆ ಪಂದ್ಯ ಕಟ್ಟಿದಳು, ಗೆದ್ದಳು. ಅವನೇನೂ ಮುನಿಸಿಕೊಂಡು ಹೋಗಲಿಲ್ಲ, ಅವಳನ್ನೇ ಮದುವೆಯಾದ. ಸ್ವಲ್ಪ ಕಾಲ ಜೊತೆಗೆ ಆಡಿ, ಆಮೇಲೆ ತಾನೇ ಹಿಂದೆ ಸರಿದು ಅವಳ ಮ್ಯಾನೇಜರ್ ಆದ. 1898ರಲ್ಲಿ ಸ್ಪೇನ್ ಜೊತೆ ಯುದ್ಧದ ಮಾತು ಬಂದಾಗ, ಗುರಿಕಾರ್ತಿಯರ 50 ಜನರ ತುಕಡಿ ಕಳಿಸುತ್ತೇನೆ ಎಂದು ಅಧ್ಯಕ್ಷ ಮೆಕಿನ್ಲಿಗೆ ಪತ್ರ ಬರೆದ ಗಟ್ಟಿಗಿತ್ತಿ ಅವಳು. 1926ರಲ್ಲಿ ಅವಳು ತೀರಿಕೊಂಡ 18 ದಿನಕ್ಕೆ ಫ್ರಾಂಕ್ ಕೂಡ ಹೋದ.

ಬದುಕಿನಲ್ಲಿ ಗೆದ್ದು ಗಂಡನನ್ನು ಪಡೆದವಳು ರಂಗದ ಮೇಲೆ ಸೋತು ಪಡೆಯಬೇಕಾಯಿತು. ಹಾಗೆ ಬರೆದವರಲ್ಲಿ ಒಬ್ಬರು ಹೆಣ್ಣು! ಅವರನ್ನು ಬೈಯುವುದು ಸುಲಭ, ನಾನು ಬೈಯಲಾರೆ. ಎರಡನೇ ಮಹಾಯುದ್ಧ ಮುಗಿದು ಗಂಡಸರು ವಾಪಸು ಬಂದಿದ್ದ ಹೊತ್ತು ಅದು. ಕಾರ್ಖಾನೆಗಳಲ್ಲಿ ದುಡಿದ ಹೆಂಗಸರಿಗೆ ಇನ್ನು ಮನೆ ನೋಡಿಕೊಳ್ಳಿ ಅನ್ನುತ್ತಿದ್ದರು. ಟಿಕೆಟ್ ಕೊಂಡವರಿಗೆ ಯಾವ ಕೊನೆ ಹಿಡಿಸುತ್ತದೆ ಅಂತ ಡಾರತಿಗೆ ಗೊತ್ತಿರಲಿಲ್ವಾ?

1999ರಲ್ಲಿ ನಾಟಕ ಮತ್ತೆ ರಂಗಕ್ಕೆ ಬಂದು ನಟಿ ಬರ್ನಡೆಟ್ ಪೀಟರ್ಸ್ ಆ್ಯನಿಯಾದಾಗ ನಾಟಕಕಾರ ಪೀಟರ್ ಸ್ಟೋನ್ ಆ ಕೊನೆಯನ್ನು ತಿದ್ದಿದರು. ಪಂದ್ಯ ಸಮ ಆಯಿತು. ನನಗೆ ಇದೂ ಪುಕ್ಕಲುತನವೇ ಅನ್ನಿಸುತ್ತದೆ. ನಿಜಕ್ಕೂ ಗೆದ್ದವಳನ್ನು ಗೆಲ್ಲಿಸೋಕೆ ಏನು ಕಷ್ಟ?

ಲೇಖನ ಪೂರ್ತಿ ಮರೆತ ಹೆಸರು ಮಿಕಿ ಗ್ರಾಂಟ್. 1972ರ 'ಡೋಂಟ್ ಬಾದರ್ ಮಿ, ಐ ಕ್ಯಾಂಟ್ ಕೋಪ್'ಗೆ ಮಾತು, ಹಾಡು, ರಾಗ ಮೂರೂ ಈ ಕಪ್ಪು ಮಹಿಳೆಯದೇ. ಅದರಲ್ಲಿ ನಟಿಸಿದ್ದೂ ಉಂಟು. ನಿರ್ದೇಶಿಸಿದ ವಿನೆಟ್ ಕ್ಯಾರಲ್, ಬ್ರಾಡ್‌ವೇಯಲ್ಲಿ ನಿರ್ದೇಶನ ಮಾಡಿದ ಮೊದಲ ಕಪ್ಪು ಮಹಿಳೆ. ಸಾವಿರಕ್ಕೂ ಜಾಸ್ತಿ ಪ್ರದರ್ಶನ ಕಂಡ ನಾಟಕ ಇದು. 'ವಿಕೆಡ್'ಗೆ 31 ವರ್ಷ ಮೊದಲು!

'ವಿಕೆಡ್' ಬಂದ ಮೇಲೂ ಎಲ್ಲ ಸಲೀಸಾಗಲಿಲ್ಲ. 2015ರಲ್ಲಿ 'ಫನ್ ಹೋಮ್' ನಾಟಕಕ್ಕೆ ಜನೀನ್ ಟೆಸೋರಿ ಮತ್ತು ಲೀಸಾ ಕ್ರಾನ್ ಅತ್ಯುತ್ತಮ ಸಂಗೀತದ ಟೋನಿ ಪಡೆದರು; ಬ್ರಾಡ್‌ವೇ ನಾಟಕಗಳಿಗೆ ಕೊಡುವ ದೊಡ್ಡ ಪ್ರಶಸ್ತಿ ಅದು. ಬರೀ ಹೆಂಗಸರೇ ಇದ್ದ ತಂಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆ ಗಳಿಗೆಯನ್ನು ಟಿವಿಯಲ್ಲಿ ನೇರವಾಗಿ ತೋರಿಸಲೇ ಇಲ್ಲ.

'ವಿಕೆಡ್' ಬಗ್ಗೆ ಈಗಾಗಲೇ ಬೇಕಾದಷ್ಟು ಬಂದಿದೆ. ಇದೇ ಲೇಖಕರಿಂದ ಮಿಕಿ ಗ್ರಾಂಟ್ ಬಗ್ಗೆ ಒಂದು ಪುಟ ಬರೆಸಿ. ಓದೋಕೆ ನಾನಂತೂ ಇದ್ದೇನೆ.

ಇತಿ,
ನಿಮ್ಮ ಓದುಗಾರ್ತಿ, ಮೈಸೂರು