ಮೆಚ್ಚಿದ ನಟನೆಯನ್ನು ಬರೆಯುವುದು: ಹೊಸ ಬರಹಗಾರನಿಗೊಂದು ಪತ್ರ

ಚಿಕ್ಕಮಗಳೂರು

ಪ್ರೀತಿಯ ತಮ್ಮ,

ಸಕಲೇಶಪುರದಿಂದ ನೀನು ಕಳಿಸಿದ ‘ನನ್ನ ಮೆಚ್ಚಿನ ಹತ್ತು ಸಿನಿಮಾಗಳು, ಮರೆಯಲಾಗದ ಪಾತ್ರಗಳು’ ಲೇಖನ ಓದಿದೆ. ಆಯ್ಕೆಯ ಬಗ್ಗೆ ನನ್ನ ತಕರಾರಿಲ್ಲ. ಘಟಶ್ರಾದ್ಧ, ತಬರನ ಕಥೆ, ನಾಗರಹಾವು, ಕಸ್ತೂರಿ ನಿವಾಸ, ಭೂತಯ್ಯನ ಮಗ ಅಯ್ಯು, ತಿಥಿ, ಎಲ್ಲವೂ ಕೂತು ಬರೆಯಬೇಕಾದ ಚಿತ್ರಗಳೇ. ತಕರಾರಿರುವುದು ಲೆಕ್ಕದಲ್ಲಿ. 1200 ಪದಗಳಲ್ಲಿ ಹತ್ತು ಚಿತ್ರ ಅಂದರೆ ಒಂದಕ್ಕೆ 120 ಪದ ಸಿಗುತ್ತದೆ. ಕಥೆ ಹೇಳುವುದಕ್ಕೆ 80 ಹೋಯಿತು. ನಿರ್ದೇಶಕರ ಹೆಸರು, ವರ್ಷ, ಪ್ರಶಸ್ತಿಗೆ ಇನ್ನೊಂದು 20. ಉಳಿದ 20ರಲ್ಲಿ ‘ಪಾತ್ರಕ್ಕೆ ಜೀವ ತುಂಬಿದ್ದಾರೆ’, ‘ಪರಕಾಯ ಪ್ರವೇಶ ಮಾಡಿದ್ದಾರೆ’, ‘ಮನೋಜ್ಞ ಅಭಿನಯ’ ಎಂದು ಬರೆದು ಮುಗಿಸಿದ್ದೀಯ. ತಬರನಾದ ಚಾರುಹಾಸನ್ ಬಗ್ಗೆ ಬರೆದ ಸಾಲನ್ನು ಎತ್ತಿ ನಾಗರಹಾವಿನ ಮೇಷ್ಟ್ರು ಅಶ್ವಥ್ ಹೆಸರಿನ ಕೆಳಗೆ ಇಟ್ಟರೂ ಏನೂ ಕೆಡುವುದಿಲ್ಲ. ಅಲ್ಲೇ ಇರುವುದು ತೊಂದರೆ. ನಿನಗೆ ಇಷ್ಟವಾದದ್ದು ಓದುವವರಿಗೆ ಗೊತ್ತಾಗುತ್ತದೆ, ಏನು ಇಷ್ಟವಾಯಿತು ಎನ್ನುವುದು ಗೊತ್ತಾಗುವುದಿಲ್ಲ.

ಹತ್ತನ್ನು ಮೂರಕ್ಕೆ ಇಳಿಸು. ಒಂದೊಂದು ಪಾತ್ರಕ್ಕೆ 400 ಪದ ಕೊಡು. ಆ 400ರಲ್ಲಿ ಕಥೆಗೆ 60 ಸಾಕು. ಉಳಿದದ್ದೆಲ್ಲ ಒಂದೇ ಒಂದು ಘಳಿಗೆಯ ಬಗ್ಗೆ ಇರಲಿ, ತೆರೆಯ ಮೇಲೆ ಎರಡು ನಿಮಿಷಕ್ಕಿಂತ ಹೆಚ್ಚು ನಡೆಯದ ಘಳಿಗೆ. ಮೂರು ಗಂಟೆಯ ಪಾತ್ರವನ್ನು ಪೂರ್ತಿ ಹಿಡಿಯಲು ಹೋದವರೆಲ್ಲ ವಿಶೇಷಣಗಳ ಮೊರೆ ಹೋಗುತ್ತಾರೆ, ಬೇರೆ ದಾರಿಯೇ ಇರುವುದಿಲ್ಲ.

ನೋಡುವ ಕ್ರಮ ಹೇಳುತ್ತೇನೆ. ಮೊದಲ ಸಲ ಪೆನ್ನು ಮುಟ್ಟಬೇಡ, ಸುಮ್ಮನೆ ನೋಡು. ಮರುದಿನ ಯಾವ ದೃಶ್ಯ ತಾನಾಗಿ ನೆನಪಿಗೆ ಬರುತ್ತದೋ ಅದನ್ನು ಆರಿಸಿಕೋ. ಎರಡನೇ ಸಲ ಆ ದೃಶ್ಯ ಎಷ್ಟನೇ ನಿಮಿಷಕ್ಕೆ ಶುರುವಾಗಿ ಎಷ್ಟಕ್ಕೆ ಮುಗಿಯುತ್ತದೆ ಎಂದು ಬರೆದುಕೋ. ಆಮೇಲೆ ಅದೊಂದನ್ನೇ ಮೂರು ಥರ ನೋಡು: ಇದ್ದ ಹಾಗೆ ಒಮ್ಮೆ, ಸದ್ದು ಪೂರ್ತಿ ತೆಗೆದು ಒಮ್ಮೆ, ಕಣ್ಣು ಮುಚ್ಚಿಕೊಂಡು ಬರೀ ಕೇಳುತ್ತಾ ಒಮ್ಮೆ. ಸದ್ದಿಲ್ಲದೆ ನೋಡುವಾಗ ಹಿನ್ನೆಲೆ ಸಂಗೀತ ನಿನ್ನಿಂದ ಅಳಿಸುತ್ತಿತ್ತೋ, ನಟನೇ ಅಳಿಸುತ್ತಿದ್ದನೋ ಬಯಲಾಗುತ್ತದೆ. ಕಣ್ಣು ಮುಚ್ಚಿದಾಗ ದನಿ ಎಲ್ಲಿ ಏರಿತು, ಯಾವ ಪದದ ಮುಂದೆ ನಿಂತಿತು, ಉಸಿರು ಎಲ್ಲಿ ಎಳೆದುಕೊಂಡರು ಎನ್ನುವುದು ಸಿಗುತ್ತದೆ. ಟಿಪ್ಪಣಿಯಲ್ಲಿ ಕ್ರಿಯಾಪದಗಳು ಮಾತ್ರ ಇರಲಿ: ಕೂತರು, ತಿರುಗಿದರು, ಟವೆಲಿನ ಅಂಚು ಹಿಡಿದರು, ಉತ್ತರ ಕೊಡುವ ಮುಂಚೆ ಬಾಗಿಲ ಕಡೆ ನೋಡಿದರು. ‘ದುಃಖದಿಂದ’ ಎಂದು ಬರೆದ ಕೂಡಲೇ ನೋಡುವುದು ನಿಂತುಹೋಗುತ್ತದೆ.

ಶಾಟ್, ಅಂದರೆ ಕತ್ತರಿ ಬೀಳದೆ ಓಡುವ ತುಣುಕು, ಬದಲಾದಾಗಲೆಲ್ಲ ಹಾಳೆಯಲ್ಲಿ ಒಂದು ಅಡ್ಡಗೀಟು ಹಾಕು. ಎರಡು ನಿಮಿಷದಲ್ಲಿ ನಾಲ್ಕೇ ಗೀಟು ಬಿದ್ದರೆ ಆ ಮೌನ, ಆ ತಡವರಿಕೆ ನಟರದ್ದೇ. ನಲವತ್ತು ಗೀಟು ಬಿದ್ದರೆ ಮೌನದ ಅಳತೆ ಸಂಕಲನಕಾರರದ್ದು. ಅದಕ್ಕಾಗಿ ನಟರನ್ನು ಹೊಗಳಬೇಡ. ಹೊಸಬರ ಬರವಣಿಗೆಯಲ್ಲಿ ಕಾಣುವ ದೊಡ್ಡ ತಪ್ಪು ಇದೇ ಕಣೋ. ಇನ್ನೊಬ್ಬರ ಕೆಲಸವನ್ನು ನಟನ ಖಾತೆಗೆ ಹಾಕುತ್ತಾರೆ, ನಟ ನಿಜಕ್ಕೂ ಮಾಡಿದ್ದು ಕಣ್ಣಿಗೇ ಬೀಳುವುದಿಲ್ಲ.

ಘಟಶ್ರಾದ್ಧದ ಕೊನೆಯನ್ನೇ ತಗೋ. 1977ರ ಚಿತ್ರ, ಗಿರೀಶ ಕಾಸರವಳ್ಳಿಯವರದ್ದು, ಅನಂತಮೂರ್ತಿಯವರ ಕಥೆ. ಬಹಿಷ್ಕಾರಕ್ಕೆ ಒಳಗಾದ ಯಮುನಾ ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತಿದ್ದಾಳೆ. ಹುಡುಗ ನಾಣಿಯನ್ನು ಅವನಪ್ಪ ಊರಿಗೆ ಕರೆದುಕೊಂಡು ಹೋಗುತ್ತಿದ್ದಾನೆ. ನೀನು ಇದಕ್ಕೆ ‘ಮೀನಾ ಕುಟ್ಟಪ್ಪ ಅವರ ಹೃದಯ ಕಲಕುವ ಅಭಿನಯ’ ಎಂದು ಬರೆದಿದ್ದೀಯ. ಬಿಡಿಸಿ ನೋಡು. ಬೋಳುತಲೆ ಕಥೆ ಕೊಟ್ಟದ್ದು. ಆ ಮರ, ಆ ಬಯಲು ನಿರ್ದೇಶಕರ ಆಯ್ಕೆ. ಅವಳನ್ನು ಎಷ್ಟು ದೂರದಿಂದ ತೋರಿಸಬೇಕು ಎನ್ನುವುದು ನಿರ್ದೇಶಕರೂ ಛಾಯಾಗ್ರಾಹಕ ಎಸ್. ರಾಮಚಂದ್ರ ಅವರೂ ಸೇರಿ ತೀರ್ಮಾನಿಸಿದ್ದು. ಕಿವಿಗೆ ಬೀಳುವುದು ಬಿ.ವಿ. ಕಾರಂತರ ಸಂಗೀತ. ನಾಣಿಯ ಕಣ್ಣಿಂದ ಇಡೀ ಚಿತ್ರ ನೋಡಿಸಿದ್ದರಿಂದ, ಅವಳನ್ನು ಬಿಟ್ಟು ಹೋಗುತ್ತಿರುವವರು ನಾವೇ ಅನ್ನಿಸುವುದು ಚಿತ್ರಕಥೆಯ ಕೆಲಸ. ಇಷ್ಟನ್ನೂ ಕಳೆದ ಮೇಲೆ ಕಲಾವಿದೆಯ ಪಾಲಿಗೆ ಉಳಿಯುವುದು ಮೈ. ಬೆನ್ನು ಎಷ್ಟು ಬಾಗಿದೆ, ಕೈ ಎಲ್ಲಿದೆ, ಮುಖ ಯಾವ ದಿಕ್ಕಿಗಿದೆ, ಅನುಕಂಪ ಬೇಡುವ ಒಂದು ಚಲನೆಯಾದರೂ ಇದೆಯೇ ಇಲ್ಲವೇ. ಅದನ್ನು ಬರೆ. ಮೊದಲ ಭಾಗದಲ್ಲಿ ಅದೇ ಯಮುನಕ್ಕ ನಾಣಿಯ ಹತ್ತಿರ ಹೇಗೆ ಕೂರುತ್ತಿದ್ದಳು ಎನ್ನುವ ಒಂದು ದೃಶ್ಯವನ್ನು ಪಕ್ಕಕ್ಕಿಟ್ಟು ಬರೆ. ಎರಡು ಕೂರುವಿಕೆಗಳ ನಡುವಿನ ವ್ಯತ್ಯಾಸವನ್ನು ನಾಲ್ಕು ವಾಕ್ಯದಲ್ಲಿ ಹೇಳಿದರೆ ‘ಹೃದಯ ಕಲಕುವ’ ಎಂಬ ಮಾತೇ ಬೇಡ.

ಮಾತಾಡುವವರನ್ನೇ ನೋಡುವ ಚಾಳಿಯನ್ನೂ ಬಿಡಬೇಕು. 1972ರ ನಾಗರಹಾವಿನಲ್ಲಿ ಚಾಮಯ್ಯ ಮೇಷ್ಟ್ರು ಅಲಮೇಲುವನ್ನು ಬಿಟ್ಟುಕೊಡು ಎಂದು ರಾಮಾಚಾರಿಯನ್ನು ಒಪ್ಪಿಸುವ ಭಾಗದಲ್ಲಿ ಎಲ್ಲರೂ ಕೆ.ಎಸ್. ಅಶ್ವಥ್ ಮಾತನ್ನು ಕೇಳುತ್ತಾರೆ. ನೀನು ಒಂದು ಸಲ ವಿಷ್ಣುವರ್ಧನ್ ಅವರನ್ನು ಮಾತ್ರ ನೋಡು. ಊರಿಗೆಲ್ಲ ತಿರುಗಿಬೀಳುವ ಹುಡುಗ ಒಬ್ಬರ ಮಾತಿಗೆ ಮಾತ್ರ ಬಾಗುತ್ತಾನೆ ಎನ್ನುವುದೇ ಚಿತ್ರದ ಬುನಾದಿ. ಆ ಬಾಗುವಿಕೆ ಯಾವ ಮಾತಿಗೆ ಶುರುವಾಯಿತು ಎಂದು ಗುರುತು ಹಾಕು. ಮೇಷ್ಟ್ರು ನಂಬುವಂತಾಗುವುದು ರಾಮಾಚಾರಿ ಕೇಳುವ ರೀತಿಯಿಂದ. ಅಶ್ವಥ್ ಹಿರಿಮೆಯ ಒಂದು ಪಾಲು ಎದುರಿಗಿದ್ದ ಹೊಸ ಹುಡುಗನ ಕಿವಿಯಲ್ಲಿದೆ. ಜಲೀಲನ ಪಾತ್ರದಲ್ಲಿ ಅಂಬರೀಶ್ ಮೊದಲು ಕಾಣಿಸಿಕೊಂಡದ್ದೂ ಇದೇ ಚಿತ್ರದಲ್ಲಿ, ಅದು ಒಂದು ಸಾಲಿಗೆ ಸಾಕು. ಕಾದಂಬರಿಗೆ ಹೋಲಿಸಿ ಬರೆಯುವುದಾದರೆ ಹುಷಾರು: ನಿರ್ದೇಶಕ ಪುಟ್ಟಣ್ಣ ಕಣಗಾಲ್ ಈ ಚಿತ್ರಕ್ಕೆ ಬಳಸಿಕೊಂಡದ್ದು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’, ಮೂರನ್ನೂ ಓದದೆ ‘ಮೂಲದಲ್ಲಿ ಹೀಗಿಲ್ಲ’ ಎಂದು ಬರೆದರೆ ಓದಿದವರೊಬ್ಬರು ಎದ್ದು ನಿಲ್ಲುತ್ತಾರೆ.

ಹಾಡಿನ ದೃಶ್ಯವನ್ನು ಮೆಚ್ಚುವಾಗ ಅಲ್ಲಿ ಇಬ್ಬರ ಕೆಲಸ ಇದೆ ಎಂದು ನೆನಪಿಡು. 1971ರ ಕಸ್ತೂರಿ ನಿವಾಸದ ‘ಆಡಿಸಿ ನೋಡು’ ಹಾಡಿನಲ್ಲಿ ದೇಹ ರಾಜ್‌ಕುಮಾರ್ ಅವರದ್ದು, ದನಿ ಪಿ.ಬಿ. ಶ್ರೀನಿವಾಸ್ ಅವರದ್ದು. 1974ರ ಸಂಪತ್ತಿಗೆ ಸವಾಲ್ ಆದ ಮೇಲೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡಲು ತೊಡಗಿದರು. ಹಾಗಾಗಿ ಎರಡು ಕಾಲದ ಹಾಡುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲಿನ ಹಾಡುಗಳಲ್ಲಿ ನೋಡಬೇಕಾದ್ದು ತುಟಿಯನ್ನಲ್ಲ. ತುಟಿ ಹೊಂದಿಸುವುದು ಎಲ್ಲರಿಗೂ ಬರುತ್ತದೆ. ಗಾಯಕ ಉಸಿರು ತೆಗೆದುಕೊಂಡ ಕಡೆ ನಟನ ಎದೆ, ಭುಜ ಏಳುತ್ತವೆಯೇ, ಮೇಲಿನ ಸ್ವರಕ್ಕೆ ಕೊರಳಿನ ನರ ಬಿಗಿಯುತ್ತದೆಯೇ ನೋಡು. ಅಲ್ಲಿ ಹೊಂದಿಕೊಂಡರೆ ಮಾತ್ರ ಎರಡು ಜೀವ ಒಂದಾಗಿ ಕಾಣುತ್ತದೆ. ಪರಭಾಷೆಯ ಕಲಾವಿದರ ಪಾತ್ರವಾದರೆ ಮಾತಿನ ದನಿ ಯಾರದು ಎಂದು ಖಾತ್ರಿ ಮಾಡಿಕೋ. ಖಾತ್ರಿಯಾಗದಿದ್ದರೆ ದನಿಯ ವಿಷಯ ಎತ್ತಲೇಬೇಡ, ಮೈಯ ಬಗ್ಗೆ ಬರೆ.

ಇನ್ನು ನೀನು ನೋಡಿದ ಪ್ರತಿಯ ಮಾತು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಅರ್ಧ ತಪ್ಪುಗಳು ಇಲ್ಲಿಂದಲೇ ಬರುತ್ತವೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಂತೆ. ಟೀವಿ ಪ್ರಸಾರಕ್ಕೂ ಡಿವಿಡಿಗೂ ಇಳಿಸುವಾಗ ನಮ್ಮಲ್ಲಿ ಅದನ್ನು 25ಕ್ಕೆ ಏರಿಸಿಕೊಂಡು ಓಡಿಸಿದ ಪ್ರತಿಗಳಿವೆ. 150 ನಿಮಿಷದ ಚಿತ್ರ ಅಲ್ಲಿ 144 ನಿಮಿಷಕ್ಕೇ ಮುಗಿಯುತ್ತದೆ, ಸರಿಪಡಿಸದಿದ್ದರೆ ದನಿಯೂ ಹೆಚ್ಚುಕಡಿಮೆ ಅರ್ಧ ಸ್ವರ ಮೇಲೇರಿ ತೆಳ್ಳಗೆ ಕೇಳುತ್ತದೆ. ಅಂಥ ಪ್ರತಿ ನೋಡಿ ‘ಮಾತಿನಲ್ಲಿ ಅವಸರವಿದೆ’ ಎಂದು ನಟರ ಮೇಲೆ ಹೇರಬಾರದು. ಅಗಲ ತೆರೆಯ ಸಿನಿಮಾಸ್ಕೋಪ್ ಚಿತ್ರವನ್ನು ಹಳೆಯ ಟೀವಿ ಚೌಕಕ್ಕೆ ಕತ್ತರಿಸಿದರೆ ಅಗಲದಲ್ಲಿ ಶೇಕಡಾ 40ಕ್ಕೂ ಹೆಚ್ಚು ಹೋಗುತ್ತದೆ. ಅಂಚಿನಲ್ಲಿ ನಿಂತು ಪ್ರತಿಕ್ರಿಯೆ ಕೊಡುತ್ತಿದ್ದ ಕಲಾವಿದರೇ ಮಾಯವಾಗಿರುತ್ತಾರೆ. ಕಸ್ತೂರಿ ನಿವಾಸ ಮೂಲದಲ್ಲಿ ಕಪ್ಪು ಬಿಳುಪು, ಬಣ್ಣ ಹಚ್ಚಿದ ಪ್ರತಿ ಬಂದದ್ದು 2014ರಲ್ಲಿ. ನೀನು ಬೆಳಕಿನ ಬಗ್ಗೆ ಬರೆದಿರುವ ಸಾಲು ಬಣ್ಣದ ಪ್ರತಿಯದ್ದಾದರೆ ತೆಗೆದುಹಾಕು. ಕಪ್ಪು ಬಿಳುಪಿಗೆಂದು ಹಚ್ಚಿದ ಬೆಳಕು, ಮಾಡಿದ ಮೇಕಪ್ಪು ಬಣ್ಣದಲ್ಲಿ ಬೇರೆಯಾಗಿಯೇ ಕಾಣುತ್ತದೆ.

ವರ್ಷದ ವಿಷಯದಲ್ಲೂ ಒಂದೇ ನಿಯಮ ಇಟ್ಟುಕೋ. ಸೆನ್ಸಾರ್ ಆದ ವರ್ಷ, ತೆರೆ ಕಂಡ ವರ್ಷ, ಪ್ರಶಸ್ತಿಯ ವರ್ಷ ಬೇರೆ ಬೇರೆ ಇರುತ್ತವೆ. ಸಂಸ್ಕಾರ ಚಿತ್ರಕ್ಕೆ ಮೊದಲು ಸೆನ್ಸಾರ್ ತಡೆ ಬಿದ್ದು 1970ರಲ್ಲಿ ಹೊರಬಂತು. ತಬರನ ಕಥೆಗೂ ಚಾರುಹಾಸನ್ ಅವರಿಗೂ ಬಂದದ್ದು 1986ರ ಸಾಲಿನ ರಾಷ್ಟ್ರಪ್ರಶಸ್ತಿ, ಪ್ರದಾನವಾದದ್ದು ಆಮೇಲೆ. ಒಂದು ಲೇಖನದಲ್ಲಿ ಒಂದೇ ಬಗೆಯ ವರ್ಷ ಬಳಸು. ಹೆಸರುಗಳನ್ನು ಟೈಟಲ್ ಕಾರ್ಡಿನಿಂದಲೇ ಇಳಿಸಿಕೋ.

ನಿನ್ನ ಲೇಖನದಲ್ಲಿ ನನಗೆ ನಿಜಕ್ಕೂ ಬೇಜಾರಾದದ್ದು ಇದು: ನಮ್ಮ ಸೀಮೆಯವನಾಗಿ ನಿನಗಷ್ಟೇ ಕಾಣಬಹುದಾದದ್ದು ಒಂದೂ ಅದರಲ್ಲಿಲ್ಲ. ಭೂತಯ್ಯನ ಮಗ ಅಯ್ಯು (1974) ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಚಿತ್ರೀಕರಣ ನಡೆದದ್ದು ಚಿಕ್ಕಮಗಳೂರಿನ ಪಕ್ಕದ ಕಳಸಾಪುರದಲ್ಲಿ. ಸಂಸ್ಕಾರದ ಅಗ್ರಹಾರ ಶೃಂಗೇರಿ ಹತ್ತಿರದ ವೈಕುಂಠಪುರ. ತಬರ ಮೂಡಿಗೆರೆಯ ತೇಜಸ್ವಿ ಅವರ ಕೂಸು. ಈ ನೆಲದ ಮಾತು ನಿನ್ನ ಕಿವಿಯಲ್ಲಿದೆ. ಚನ್ನರಾಯಪಟ್ಟಣ, ಅರಸೀಕೆರೆ ಕಡೆಯವರ ಬಾಯಲ್ಲಿ ‘ಹೋಗು’ ‘ಓಗು’ ಆಗುತ್ತದೆ, ‘ಹಾಲು’ ‘ಆಲು’ ಆಗುತ್ತದೆ. ಆದರೆ ಅದೇ ಮನುಷ್ಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರ ಎದುರು, ಎಸ್ಟೇಟಿನಲ್ಲಿ ರೈಟರ ಎದುರು ನಿಂತಾಗ ನಾಲಿಗೆ ತಿದ್ದಿಕೊಳ್ಳುತ್ತಾನೆ, ಕೆಲವು ಪದ ತಿದ್ದಲಾಗದೆ ಜಾರುತ್ತವೆ. ಸಾಧಾರಣ ನಟ ಎಲ್ಲೆಡೆ ಒಂದೇ ಸಮ ‘ಹ’ಕಾರ ಬೀಳಿಸಿ ಹಳ್ಳಿಯವನಾದೆ ಎಂದುಕೊಳ್ಳುತ್ತಾನೆ. ಒಳ್ಳೆಯ ನಟ ಯಾರ ಎದುರು ಯಾವ ನಾಲಿಗೆ ಎನ್ನುವುದನ್ನು ಹಿಡಿಯುತ್ತಾನೆ. ಲೋಕೇಶ್ ಅವರ ಅಯ್ಯು ಆಳುಕಾಳಿನ ಜೊತೆ ಮಾತಾಡುವಾಗ, ಅಪ್ಪನಾಗಿರುವ ಎಂ.ಪಿ. ಶಂಕರ್ ಎದುರು ಮಾತಾಡುವಾಗ, ಈ ಕಿವಿ ಇಟ್ಟುಕೊಂಡು ಕೇಳು. ಲೋಕನಾಥ್ ಅವರದ್ದು ಅದರಲ್ಲಿ ಸಣ್ಣ ಪಾತ್ರ, ಆದರೂ ಆ ಉಪ್ಪಿನಕಾಯಿ ದೃಶ್ಯದಿಂದ ‘ಉಪ್ಪಿನಕಾಯಿ ಲೋಕನಾಥ್’ ಎಂಬ ಹೆಸರು ಜನರ ಬಾಯಲ್ಲಿ ಉಳಿದುಬಿಟ್ಟಿತು. ಮೂರರಲ್ಲಿ ಒಂದು ಪಾತ್ರ ಇದಾಗಲಿ ಎನ್ನುವುದು ನನ್ನಾಸೆ. ನೋಡುವವರ ಬಾಯಲ್ಲೂ ನೀರೂರಬೇಕಾದರೆ ನಾಲಿಗೆ, ಬೆರಳು, ಕಣ್ಣು ಯಾವ ಅನುಕ್ರಮದಲ್ಲಿ ಕೆಲಸ ಮಾಡಿದವು ಎಂದು ಬರೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಸಿಗಲಾರದು.

ಮಳೆಯ ಬಗ್ಗೆಯೂ ನಿನಗೆ ಗೊತ್ತಿರಬೇಕು. ನಮ್ಮ ಸೋನೆ ಮಳೆ ಕ್ಯಾಮೆರಾಕ್ಕೆ ಬೀಳುವುದೇ ಕಷ್ಟ. ಹನಿಯ ಹಿಂದಿನಿಂದ ಬೆಳಕು ಬಿಟ್ಟರೆ ಮಾತ್ರ ಮಳೆ ತೆರೆಯ ಮೇಲೆ ಎದ್ದು ಕಾಣುತ್ತದೆ, ಅದಕ್ಕೇ ದಪ್ಪ ಹನಿಯ ಮಳೆಯನ್ನು ಟ್ಯಾಂಕರ್ ತಂದು ಸುರಿಸುತ್ತಾರೆ. ಅಷ್ಟು ನೀರಿನಡಿ ಕಣ್ಣು ಪಿಳುಕಿಸದೆ ಮಾತು ಮುಗಿಸುವುದು ಕಸುಬುದಾರಿಕೆ. ಮೆಚ್ಚುವುದಾದರೆ ಅದನ್ನು ಮೆಚ್ಚು.

ತಿಥಿ (2015) ಬೇರೆ ಮಾತು. ಅಲ್ಲಿರುವವರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಿನ ಜನ, ನಟನೆಯನ್ನು ಕಸುಬಾಗಿ ಕಲಿತವರಲ್ಲ. ಗಡ್ಡಪ್ಪನ ನಡಿಗೆಯನ್ನು ‘ಎಂಥ ನಟನೆ’ ಎಂದು ಬರೆದಿದ್ದೀಯ. ಆ ನಡಿಗೆ ಆತನದ್ದೇ, ಅದನ್ನು ಕೆಡಿಸದೆ ಉದ್ದಕ್ಕೆ ಬಿಟ್ಟದ್ದು ನಿರ್ದೇಶಕ ರಾಮ್ ರೆಡ್ಡಿ ಅವರ ಜಾಣ್ಮೆ. ಹಾಗೆಂದೇ ಬರೆ. ಗುಲಾಬಿ ಟಾಕೀಸಿನ (2008) ಉಮಾಶ್ರೀ ಅವರನ್ನು ಮೂರರೊಳಗೆ ಸೇರಿಸುವುದಾದರೆ ಅವರ ಹಾಸ್ಯಪಾತ್ರ ಒಂದನ್ನು ಮೊದಲು ನೋಡು. ಅಲ್ಲಿನ ಮಾತಿನ ವೇಗ ಗೊತ್ತಿದ್ದರೆ ಇಲ್ಲಿ ಅವರು ಏನನ್ನೆಲ್ಲ ಬಿಟ್ಟುಕೊಟ್ಟಿದ್ದಾರೆ ಎನ್ನುವುದು ತಿಳಿಯುತ್ತದೆ.

ಮೊದಲು ತಬರನ ಭಾಗ ಬರೆದು ಕಳಿಸು. ಪಿಂಚಣಿಗಾಗಿ ಅಲೆಯುವ ಮುದುಕ, ಮಧುಮೇಹದಿಂದ ಕಾಲು ಕೊಳೆಯುತ್ತಿರುವ ಹೆಂಡತಿ, ಅಷ್ಟಕ್ಕೇ ಕಥೆ ನಿಲ್ಲಲಿ. ಕಚೇರಿಯ ಒಂದು ದೃಶ್ಯ ಆರಿಸಿಕೋ, ಮೇಜಿನ ಈಚೆ ನಿಂತ ತಬರನ ಕೈಗಳು ದೃಶ್ಯ ಮುಗಿಯುವ ತನಕ ಏನು ಮಾಡುತ್ತಿವೆ ಎಂದು ಬರೆ. ಟಿಪ್ಪಣಿ ಹಾಳೆಯನ್ನೂ ಜೊತೆಗಿಡು, ನಿಮಿಷ ಮತ್ತು ಅಡ್ಡಗೀಟುಗಳ ಸಮೇತ. ಮುಂದಿನ ಭಾನುವಾರದೊಳಗೆ ಸಿಕ್ಕರೆ ನಾನೂ ಅದೇ ದೃಶ್ಯ ಹಾಕಿಕೊಂಡು ನಿನ್ನ ಹಾಳೆಯ ಜೊತೆ ತಾಳೆ ನೋಡುತ್ತೇನೆ.

ಇಂತಿ,
ನಿನ್ನ ಅಕ್ಕ