ಎರಡು ಮೊದಲ ಸ್ಥಾನ, ಒಂದೇ ಕಪ್: ಶನಿವಾರದ ಓಟದ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಸೋಮವಾರ ಬೆಳಿಗ್ಗೆಯಿಂದ ನನ್ನ ಫೋನಿಗೆ ಬಿಡುವಿಲ್ಲ. ಶನಿವಾರದ ಓಟದಲ್ಲಿ ಇಬ್ಬರಿಗೆ ಮೊದಲ ಸ್ಥಾನ ಯಾಕೆ ಅಂತ ಕೆಲವರು ಶಾಲೆಗೇ ಬಂದು ಕೇಳಿದರು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟು ಗೊಂದಲ ಮಾಡುವುದಕ್ಕಿಂತ ಎಲ್ಲರಿಗೂ ಒಂದೇ ಸಲ ಬರೆದುಬಿಡೋಣ ಅನ್ನಿಸಿತು. ಪತ್ರ ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ಅವತ್ತು ಬಾರದವರಿಗಾಗಿ ನಡೆದದ್ದು ಹೇಳುತ್ತೇನೆ. ಶಾಲೆಯ ಗೇಟಿನಿಂದ ಕೆರೆ ಏರಿಯವರೆಗೆ ಹೋಗಿ ವಾಪಸ್ ಬರುವ ಐದು ಕಿಲೋಮೀಟರ್ ಓಟ. ಊರಲ್ಲಿ ಎಲ್ಲರೂ ಇದನ್ನು ಮ್ಯಾರಥಾನ್ ಅಂತಲೇ ಕರೆಯುತ್ತಾರೆ. ನಿಜವಾದ ಮ್ಯಾರಥಾನ್ 42.195 ಕಿಲೋಮೀಟರ್. ಅದನ್ನು ಓಡಿದವರು ಕೇಳಿಸಿಕೊಂಡರೆ ನಗುತ್ತಾರೆ, ಇರಲಿ. ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಎಲ್ಲರಿಗಿಂತ ಮುಂದೆ ಬಂದರು. ಇಬ್ಬರೂ ತುಂಗಾ ತಂಡದವರು. ಗೇಟು ಹತ್ತಿರವಾದಾಗ ಒಬ್ಬಳು ಇನ್ನೊಬ್ಬಳ ಕೈ ಹಿಡಿದಳು. ಹಾಗೇ ಗೆರೆ ದಾಟಿದರು. ಸ್ಟಾಪ್‌ವಾಚ್ ಹಿಡಿದಿದ್ದ ಪಿ.ಟಿ. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಸಿಟ್ಟು. ಇರುವುದು ಒಂದೇ ಕಪ್. ಅದರ ಮೇಲೆ ಬರೆಸಲು ಒಂದೇ ಸಾಲಿನ ಜಾಗ. ಇದೇನು ಮಕ್ಕಳಾಟ ಅಂದುಕೊಂಡಿದ್ದಾರಾ ಅಂತ ಗೊಣಗಿದೆ. ಆಮೇಲೆ, ಮಕ್ಕಳೇ ಅಲ್ವಾ ಅಂತ ನನಗೇ ನಗು ಬಂತು.

ಒಬ್ಬ ತಂದೆ ಮೊಬೈಲಿನ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದರು. "ನೋಡಿ ಮೇಡಂ, ಈ ಹುಡುಗಿ ಕಾಲು ಮೊದಲು ಬಿದ್ದಿದೆ." ಅವರ ತಾಳ್ಮೆ ಮೆಚ್ಚಿದೆ. ಆದರೆ ಓಟದ ನಿಯಮದಲ್ಲಿ ಕಾಲಿಗೆ ಲೆಕ್ಕವಿಲ್ಲ, ಕೈಗೂ ಇಲ್ಲ, ತಲೆಗೂ ಇಲ್ಲ. ಗೆರೆ ಮುಟ್ಟಬೇಕಾದದ್ದು ಮುಂಡ, ಅಂದರೆ ಎದೆ ಭಾಗ. ಅದಕ್ಕೇ ದೊಡ್ಡ ಓಟಗಾರರು ಕೊನೆಯಲ್ಲಿ ಎದೆ ಮುಂದೆ ಚಾಚುವುದು. ನಮ್ಮ ವಿಡಿಯೊದಲ್ಲಿ ಎರಡೂ ಎದೆ ಒಂದೇ ಸಮ ಇವೆ. ಇಬ್ಬರೂ ಮೊದಲ ಸ್ಥಾನ ಅಂತ ನಾನು ಮತ್ತು ಪಿ.ಟಿ. ಮೇಷ್ಟ್ರು ತೀರ್ಮಾನಿಸಿದ್ದೇವೆ. ಅದನ್ನು ಬದಲಿಸುವುದಿಲ್ಲ.

ಇನ್ನೊಂದು ದೂರು ಇದಕ್ಕಿಂತ ಗಟ್ಟಿಯಾದದ್ದು. "ಓಟ ಅಂದರೆ ಓಟ. ಕೊನೆಯಲ್ಲಿ ಕೈ ಹಿಡಿದುಕೊಂಡು ಬಂದರೆ ಅದು ಸ್ಪರ್ಧೆಗೆ ಮಾಡಿದ ಅವಮಾನ" ಅಂತ ಒಬ್ಬರು ಬರೆದು ಕಳಿಸಿದ್ದಾರೆ. ಇದನ್ನು ಸುಮ್ನೆ ತಳ್ಳಿಹಾಕಲು ನನ್ನಿಂದ ಆಗಲಿಲ್ಲ. ಯಾಕೆಂದರೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಇದೇ ಜಗಳ ನಡೆದಿತ್ತು.

ಜರ್ಮನಿಯ ಅವಳಿ ಸಹೋದರಿಯರು ಆನ್ನಾ ಹಾನರ್ ಮತ್ತು ಲೀಸಾ ಹಾನರ್. ಮ್ಯಾರಥಾನಿನಲ್ಲಿ ಕೈ ಕೈ ಹಿಡಿದು, ನಗುತ್ತಾ ಗೆರೆ ದಾಟಿದರು. 81 ಮತ್ತು 82ನೇ ಸ್ಥಾನ. ಸಮಯ 2 ಗಂಟೆ 45 ನಿಮಿಷ 32 ಸೆಕೆಂಡ್ ಮತ್ತು 33 ಸೆಕೆಂಡ್. ಫೋಟೊ ಎಲ್ಲಾ ಕಡೆ ಓಡಾಡಿತು. ಅವರ ದೇಶದ ಅಥ್ಲೆಟಿಕ್ಸ್ ಸಂಸ್ಥೆಯ ಅಧಿಕಾರಿಗೆ ಮಾತ್ರ ರೇಗಿತು. ಒಲಿಂಪಿಕ್ಸ್‌ಗೆ ಬಂದು ಮೋಜಿನ ಓಟ ಓಡಿದ ಹಾಗಿದೆ, ಪ್ರಚಾರವೇ ಇವರಿಗೆ ಬೇಕಾಗಿದ್ದದ್ದು ಅನ್ನುವ ಅರ್ಥದಲ್ಲಿ ಬಹಿರಂಗವಾಗಿ ಟೀಕಿಸಿದರು. ಇಬ್ಬರೂ ತಮ್ಮ ಅತ್ಯುತ್ತಮ ಸಮಯಕ್ಕಿಂತ ಕಾಲು ಗಂಟೆಗೂ ಜಾಸ್ತಿ ತಡವಾಗಿದ್ದರು ಅನ್ನುವುದೂ ಅವರ ತಕರಾರು.

ಆ ಅಧಿಕಾರಿಯ ಸಿಟ್ಟು ಪೂರ್ತಿ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ದೇಶದ ಹೆಸರಿನ ಅಂಗಿ ತೊಟ್ಟವರಿಂದ ಅಷ್ಟು ನಿರೀಕ್ಷೆ ಮಾಡಬಹುದು. ಆದರೆ ಕಾಲು ಗಂಟೆ ಹೋದದ್ದು ಕೈ ಹಿಡಿದದ್ದರಿಂದ ಅಲ್ಲವಲ್ಲ! ಲೀಸಾ ಮುಂದಿದ್ದಳು. ಆನ್ನಾ ಹಿಂದೆ ಬಿದ್ದಿದ್ದಳು. ಇನ್ನು ಎರಡು ಕಿಲೋಮೀಟರ್ ಇದೆ ಅನ್ನುವಾಗ ಆನ್ನಾ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಓಡಿ, ಕೊನೆಯ ಮುನ್ನೂರು ಮೀಟರ್ ಉಳಿದಿರುವಾಗ ತಂಗಿಯೋ ಅಕ್ಕನೋ, ಅಂತೂ ತನ್ನ ಜೊತೆ ಹುಟ್ಟಿದವಳನ್ನು ಹಿಡಿದಳು. ಕೈ ಸೇರಿದ್ದು ಆಮೇಲೆ. ಫೋಟೊದಲ್ಲಿ ಕಾಣುವುದು ನಗು ಮಾತ್ರ. ಆ ಎರಡು ಕಿಲೋಮೀಟರ್ ಕಾಣುವುದಿಲ್ಲ. ಅದೇ ಓಟದಲ್ಲಿ ಉತ್ತರ ಕೊರಿಯಾದ ಅವಳಿ ಸಹೋದರಿಯರು 10 ಮತ್ತು 11ನೇ ಸ್ಥಾನದಲ್ಲಿ, ಒಂದೇ ಸಮಯಕ್ಕೆ, 2 ಗಂಟೆ 28 ನಿಮಿಷ 36 ಸೆಕೆಂಡಿಗೆ ಮುಗಿಸಿದರು. ಅವರ ಬಗ್ಗೆ ಇಷ್ಟು ಗದ್ದಲ ಆಗಲಿಲ್ಲ.

ಹಾಗಾಗಿ ನಾನು ನಮ್ಮ ಹುಡುಗಿಯರನ್ನು ಕರೆದು ಕೇಳಿದ್ದು ಕೈ ಹಿಡಿದ ವಿಷಯವಲ್ಲ, ಅದಕ್ಕಿಂತ ಮುಂಚೆ ಏನಾಯಿತು ಅಂತ. ಕೆರೆ ಏರಿ ಮೇಲೆ ಒಬ್ಬಳಿಗೆ ಪಕ್ಕೆ ಹಿಡಿದುಕೊಂಡಿತಂತೆ. "ನೀ ಹೋಗೇ" ಅಂದಳಂತೆ. ಇನ್ನೊಬ್ಬಳು ಹೋಗಲಿಲ್ಲ, ನಿಧಾನ ಮಾಡಿದಳು. ಅಷ್ಟರಲ್ಲಿ ಕಾವೇರಿ ತಂಡದ ಹತ್ತನೇ ತರಗತಿ ಹುಡುಗಿ ಹತ್ತಿರ ಬಂದದ್ದು ಕಂಡಿತು. ಅಲ್ಲಿಂದ ಇಬ್ಬರೂ ಸತ್ತೆವೋ ಕೆಟ್ಟೆವೋ ಅಂತ ಓಡಿದ್ದಾರೆ. ಗೇಟಿನ ಹತ್ತಿರ ಬಂದ ಮೇಲೆ ಒಬ್ಬರನ್ನೊಬ್ಬರು ಹಿಂದೆ ಹಾಕಬೇಕು ಅಂತ ಅನ್ನಿಸಲಿಲ್ಲವಂತೆ. "ಯಾರು ಮೊದಲು ಕೈ ಹಿಡಿದದ್ದು?" ಅಂದೆ. ಇಬ್ಬರೂ ಇನ್ನೊಬ್ಬಳ ಕಡೆ ಬೆರಳು ತೋರಿಸಿದರು.

ತಂಡದ ಲೆಕ್ಕವನ್ನೂ ನೋಡಿ. ನಮ್ಮಲ್ಲಿ ಮೊದಲ ಸ್ಥಾನಕ್ಕೆ 5 ಅಂಕ, ಎರಡನೆಯದಕ್ಕೆ 3, ಮೂರನೆಯದಕ್ಕೆ 1. ಇವರಿಬ್ಬರು ಹೊಡೆದಾಡಿಕೊಂಡು ಓಡಿದ್ದರೂ ತುಂಗಾ ತಂಡಕ್ಕೆ 8 ಅಂಕ. ಸಮಕ್ಕೆ ಬಂದದ್ದರಿಂದ ಒಬ್ಬೊಬ್ಬರಿಗೆ 4, ಒಟ್ಟು ಅದೇ 8. ಬೇರೆ ತಂಡದವರ ಒಂದು ಅಂಕವೂ ಅಲುಗಾಡಲಿಲ್ಲ.

1972ರಲ್ಲಿ ಅಮೆರಿಕದ ಯೂಜೀನ್ ಊರಲ್ಲಿ ಒಲಿಂಪಿಕ್ ಆಯ್ಕೆಗಾಗಿ ಮ್ಯಾರಥಾನ್ ನಡೆದಾಗಲೂ ಇಂಥದ್ದೇ ಲೆಕ್ಕ. ಮೊದಲ ಮೂವರಿಗೆ ಮ್ಯೂನಿಕ್ ಒಲಿಂಪಿಕ್ಸ್‌ಗೆ ಟಿಕೆಟ್. ಫ್ರ್ಯಾಂಕ್ ಶಾರ್ಟರ್ ಮತ್ತು ಕೆನ್ನಿ ಮೂರ್ ಎಲ್ಲರನ್ನೂ ಹಿಂದೆ ಬಿಟ್ಟಿದ್ದರು. ಮೂರನೆಯವರು ನಾಲ್ಕು ನಿಮಿಷಕ್ಕೂ ಜಾಸ್ತಿ ಹಿಂದಿದ್ದರು. ಇಬ್ಬರೂ 2 ಗಂಟೆ 15 ನಿಮಿಷ 57.8 ಸೆಕೆಂಡಿಗೆ ಸಮವಾಗಿ ಮುಗಿಸಿದರು. ಎರಡು ತಿಂಗಳ ನಂತರ ಮ್ಯೂನಿಕ್‌ನಲ್ಲಿ ಮಾತ್ರ ಯಾರೂ ಯಾರಿಗೂ ಕಾಯಲಿಲ್ಲ. ಶಾರ್ಟರ್ ಎರಡು ನಿಮಿಷಕ್ಕೂ ಮಿಕ್ಕಿದ ಅಂತರದಲ್ಲಿ ಚಿನ್ನ ಗೆದ್ದರು. ಮೂರ್ ನಾಲ್ಕನೆಯವರಾದರು, ಪದಕ ಸ್ವಲ್ಪದರಲ್ಲಿ ತಪ್ಪಿತು. ಯೂಜೀನ್‌ನಲ್ಲಿ ಬಿಟ್ಟುಕೊಟ್ಟವರು ಮ್ಯೂನಿಕ್‌ನಲ್ಲಿ ಮೆತ್ತಗಾಗಿರಲಿಲ್ಲ.

ನನಗೆ ಇನ್ನೂ ಇಷ್ಟವಾದದ್ದು ಡಿಕ್ ಬಿಯರ್ಡ್ಸ್‌ಲಿ ಅನ್ನುವವರ ಕಥೆ. 1981ರ ಮಾರ್ಚ್ 29ರಂದು ಮೊಟ್ಟಮೊದಲ ಲಂಡನ್ ಮ್ಯಾರಥಾನ್ ನಡೆಯಿತು. ಮಳೆಯಲ್ಲಿ ಈ ಅಮೆರಿಕದವರು ಮತ್ತು ನಾರ್ವೆಯ ಇಂಗೆ ಸಿಮೊನ್ಸೆನ್ ಕೈ ಹಿಡಿದು ಗೆರೆ ದಾಟಿ ಜಂಟಿಯಾಗಿ ಗೆದ್ದರು, 2 ಗಂಟೆ 11 ನಿಮಿಷ 48 ಸೆಕೆಂಡಿಗೆ. ಒಂದೇ ತಂಡವಲ್ಲ, ಒಂದೇ ದೇಶವೂ ಅಲ್ಲ. ಮರುವರ್ಷ ಬಾಸ್ಟನ್‌ನಲ್ಲಿ ಇದೇ ಬಿಯರ್ಡ್ಸ್‌ಲಿ ಆಲ್ಬರ್ಟೊ ಸಾಲಜಾರ್ ಜೊತೆ ಬಿಸಿಲಲ್ಲಿ ಭುಜಕ್ಕೆ ಭುಜ ಕೊಟ್ಟು ಓಡಿ, ಕೊನೆಯ ಗಜದವರೆಗೂ ಬಿಡದೆ, ಸುಮಾರು ಎರಡು ಸೆಕೆಂಡಿನಲ್ಲಿ ಸೋತರು. ಕೈ ಹಿಡಿದವರಿಗೆ ಸ್ಪರ್ಧೆಯ ಕೆಚ್ಚು ಇರುವುದಿಲ್ಲ ಅಂತ ಬರೆದವರು ದಯವಿಟ್ಟು ಈ ಮನುಷ್ಯನನ್ನು ಒಂದು ಸಲ ನೆನಪಿಸಿಕೊಳ್ಳಿ.

ಹಾಗಂತ ಕೈ ಹಿಡಿದದ್ದೆಲ್ಲ, ಬಿಟ್ಟುಕೊಟ್ಟದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. 2024ರ ಏಪ್ರಿಲ್‌ನಲ್ಲಿ ಬೀಜಿಂಗ್ ಹಾಫ್ ಮ್ಯಾರಥಾನಿನಲ್ಲಿ ಕೀನ್ಯಾದ ಇಬ್ಬರು ಮತ್ತು ಇಥಿಯೋಪಿಯಾದ ಒಬ್ಬರು ಕೊನೆಯಲ್ಲಿ ನಿಧಾನ ಮಾಡಿ, ಗೆರೆಯ ಕಡೆ ಕೈ ತೋರಿಸಿ, ಚೀನಾದ ಹೆ ಜಿಯೆ ಅವರನ್ನು ಒಂದೇ ಸೆಕೆಂಡ್ ಮುಂದೆ ಬಿಟ್ಟರು. ನೋಡಿದವರಿಗೆ ಅನುಮಾನ ಬಂತು. ತಾವು ವೇಗ ಹಿಡಿದುಕೊಡಲು, ಅಂದರೆ ಹೆ ಜಿಯೆ ಅವರ ವೇಗ ತಪ್ಪದಂತೆ ಜೊತೆಗೆ ಓಡಲು, ಬಂದವರು ಅಂತ ಅವರಲ್ಲೊಬ್ಬರು ಆಮೇಲೆ ಹೇಳಿದರು. ಆದರೆ ಅವರ ಅಂಗಿಯ ಮೇಲೆ ಹಾಗೆ ಬರೆದಿರಲಿಲ್ಲ. ವಿಚಾರಣೆ ಆಗಿ ನಾಲ್ವರ ಫಲಿತಾಂಶವೂ ರದ್ದಾಯಿತು, ಪದಕ ಮತ್ತು ಬಹುಮಾನದ ಹಣ ವಾಪಸ್ ಹೋಯಿತು. ಅಲ್ಲಿ ಗೆಲ್ಲುವವರು ಯಾರು ಅಂತ ಓಡುವವರ ಕಾಲು ತೀರ್ಮಾನಿಸಲಿಲ್ಲ.

ಈ ಬೀಜಿಂಗ್ ಕಥೆ ಯಾಕೆ ತೆಗೆದೆ ಎಂದರೆ, ಶನಿವಾರ ನಮ್ಮ ರಸ್ತೆ ಬದಿಯಲ್ಲೂ ಒಂದು ಮಾತು ನನ್ನ ಕಿವಿಗೆ ಬಿತ್ತು. ಹುಡುಗರ ಓಟದಲ್ಲಿ ಒಬ್ಬ ದೊಡ್ಡವರು ತಮ್ಮ ಮನೆಯ ಹುಡುಗನಿಗೆ "ಅವನ್ನ ಮುಂದೆ ಬಿಡೋ, ನಿನಗೆ ಹೆಂಗೂ ಹೋದ ವರ್ಷ ಸಿಕ್ಕಿದೆ" ಅಂತ ಕೂಗಿದರು. ಹುಡುಗ ಕೇಳಲಿಲ್ಲ, ಒಳ್ಳೆಯದಾಯಿತು. ಯಾರೆಂದು ಹೇಳುವುದಿಲ್ಲ, ಅವರಿಗೆ ಗೊತ್ತಿದೆ. ಹಿಡಿಯುವುದೂ ಬಿಡುವುದೂ ಓಡುವ ಮಗುವಿಗೆ ಸೇರಿದ್ದು. ನಾವು ನೀರು ಕೊಡೋಣ, ಚಪ್ಪಾಳೆ ತಟ್ಟೋಣ. ಹಾಗೇ, ಮುಂದಿನ ವರ್ಷ ಫೋಟೊಗೋಸ್ಕರ ಕೈ ಹಿಡಿಯಿರಿ ಅಂತ ಮನೆಯಲ್ಲಿ ಹೇಳಿಕೊಟ್ಟು ಕಳಿಸಬೇಡಿ.

ಕಾವೇರಿ ತಂಡದ ಆ ಹುಡುಗಿ ಓಟ ಮುಗಿದ ಕೂಡಲೇ ನನ್ನ ಹತ್ತಿರ ಬಂದಿದ್ದಳು. "ಮೇಡಂ, ಅವರಿಬ್ಬರೂ ಫಸ್ಟ್ ಆದರೆ ನಾನು ಸೆಕೆಂಡಾ?" ಇಷ್ಟು ಜನ ಕೇಳಿದ ಪ್ರಶ್ನೆಗಳಲ್ಲಿ ಇದೇ ಸರಿಯಾದ ಪ್ರಶ್ನೆ. ನಿನಗಿಂತ ಮುಂದೆ ಎಷ್ಟು ಜನ ಇದ್ದರು ಅಂತ ಕೇಳಿದೆ. ಇಬ್ಬರು ಅಂದಳು. ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಮೂರನೆಯದೇ" ಅಂತ ತಾನೇ ಹೇಳಿ, "ಇನ್ನೊಂದು ಇನ್ನೂರು ಮೀಟರ್ ಇದ್ದಿದ್ರೆ ಇಬ್ಬರನ್ನೂ ಹಿಡೀತಿದ್ದೆ" ಅಂತ ಸೇರಿಸಿದಳು. ನನಗೂ ಹಾಗೇ ಅನ್ನಿಸುತ್ತದೆ. ಅವಳಿಗೆ ಮೂರನೆಯ ಪದಕ ಕೊಟ್ಟಿದ್ದೇವೆ. ಎರಡನೆಯ ಪದಕ ಈ ವರ್ಷ ಯಾರಿಗೂ ಇಲ್ಲ, ಆಫೀಸಿನ ಬೀರುವಿನಲ್ಲಿದೆ.

ಈಗ ಕಪ್ಪಿನ ವಿಷಯ. ನಾಣ್ಯ ಚಿಮ್ಮಿದೆವು. ದೀಪಾವಳಿವರೆಗೆ ಒಬ್ಬಳ ಮನೆಯಲ್ಲಿ, ಆಮೇಲೆ ಇನ್ನೊಬ್ಬಳ ಮನೆಯಲ್ಲಿ ಇರುತ್ತದೆ. ಕಪ್ಪಿನ ಮೇಲೆ ಇಬ್ಬರ ಹೆಸರನ್ನೂ ಸಣ್ಣ ಅಕ್ಷರದಲ್ಲಿ ಒಂದೇ ಸಾಲಿನಲ್ಲಿ ಬರೆಸುತ್ತಿದ್ದೇವೆ. ತಾಲ್ಲೂಕು ಕ್ರೀಡಾಕೂಟಕ್ಕೆ ಇಬ್ಬರ ಹೆಸರನ್ನೂ ಕೊಡುತ್ತೇವೆ. ಅಲ್ಲಿ ಯಾರಿಗೂ ಕಾಯುವ ಹಾಗಿಲ್ಲ ಅಂತ ಪಿ.ಟಿ. ಮೇಷ್ಟ್ರು ಹೇಳಿದ್ದಕ್ಕೆ ಒಬ್ಬಳು "ಅಲ್ಲಿ ನಾನೇ ಫಸ್ಟ್" ಅಂದಳು, ಇನ್ನೊಬ್ಬಳು ಅವಳ ಬೆನ್ನಿಗೊಂದು ಗುದ್ದಿದಳು. ಗುರುವಾರದಿಂದ ಬೆಳಿಗ್ಗೆ ಆರೂವರೆಗೆ ಅಭ್ಯಾಸ ಶುರು. ಮಕ್ಕಳು ಖಾಲಿ ಹೊಟ್ಟೆಯಲ್ಲಿ ಬರುವುದು ಬೇಡ, ಒಂದು ಬಾಳೆಹಣ್ಣಾದರೂ ತಿನ್ನಿಸಿ ಕಳಿಸಿ.

ನಿಮ್ಮ
ಮುಖ್ಯ ಶಿಕ್ಷಕಿ